ಗಪ್ಪಿ ಮೀನು

ಗಪ್ಪಿ (ವೈಜ್ಞಾನಿಕ ಹೆಸರು: ಪೊಯಿಸಿಲಿಯಾ ರೆಟಿಕ್ಯುಲೇಟಾ) ಉಷ್ಣವಲಯದ ಒಂದು ಪುಟ್ಟ ಮೀನು. ಟ್ರಿನಿಡಾಡ್ ಮತ್ತು ದಕ್ಷಿಣ ಅಮೆರಿಕದ ಈಶಾನ್ಯ ಭಾಗ ಇದರ ಮೂಲ ನೆಲೆ. ಸಿಹಿನೀರಿನಲ್ಲಿ ವಾಸಿಸುವ ಇದು ಅರೆ ಉಪ್ಪುನೀರಿನಲ್ಲಿಯೂ ಬದುಕಬಲ್ಲದು. ಅಕ್ವೇರಿಯಂಗಳಲ್ಲಿ ಬಹು ಜನಪ್ರಿಯವಾಗಿದೆ.

ಹೆಸರು
1859ರಲ್ಲಿ ವಿಲ್ಹೆಲ್ಮ್ ಪೀಟರ್ಸ್ ಇದನ್ನು ಮೊದಲು ವರ್ಣಿಸಿದರು. ಟ್ರಿನಿಡಾಡ್‌ನಿಂದ ಮಾದರಿಗಳನ್ನು ಲಂಡನ್ನಿಗೆ ಕಳುಹಿಸಿದ ರಾಬರ್ಟ್ ಜಾನ್ ಲೆಕ್‌ಮಿಯರ್ ಗಪ್ಪಿ ಅವರಿಂದ ರೂಢಿಯ ಹೆಸರು ಬಂದಿದೆ.

ಲಕ್ಷಣಗಳು
ಗಂಡು ಸುಮಾರು 3 ಸೆಂ.ಮೀ. ಉದ್ದವಿದ್ದು, ಬಣ್ಣಬಣ್ಣದ ಬಾಲ ಹೊಂದಿರುತ್ತದೆ. ಹೆಣ್ಣು ಅದಕ್ಕಿಂತ ದೊಡ್ಡದು. ಬಣ್ಣ ಮಾತ್ರ ಮಂಕು. ಹೆಣ್ಣು ಮೊಟ್ಟೆಯಿಡದೆ, ಮೂರರಿಂದ ನಾಲ್ಕು ವಾರಗಳಿಗೊಮ್ಮೆ ಮರಿ ಹಾಕುತ್ತದೆ. ವೀರ್ಯವನ್ನು ತಿಂಗಳುಗಟ್ಟಲೆ ದೇಹದಲ್ಲಿ ಕಾಯ್ದಿಟ್ಟುಕೊಳ್ಳುವುದರಿಂದ ಒಂದೇ ಹೆಣ್ಣಿನಿಂದಲೂ ಹೊಸ ಸಂತತಿ ನೆಲೆಗೊಳ್ಳಬಲ್ಲದು. ತಾಯಿ ತನ್ನ ಮರಿಗಳನ್ನೇ ತಿನ್ನುವುದುಂಟು.

ಕರ್ನಾಟಕದಲ್ಲಿ ಬಳಕೆ
ಗಪ್ಪಿಯು ಸೊಳ್ಳೆಯ ಮರಿಹುಳುಗಳನ್ನು ತಿನ್ನುತ್ತದೆ. ಆದ್ದರಿಂದ ಮಲೇರಿಯಾ ಮತ್ತು ಡೆಂಗಿ ನಿಯಂತ್ರಣಕ್ಕಾಗಿ ಆರೋಗ್ಯ ಇಲಾಖೆಯು ಗಪ್ಪಿ ಹಾಗೂ ಗ್ಯಾಂಬೂಸಿಯಾ ಮೀನುಗಳನ್ನು ನೀರಿನ ತಾಣಗಳಿಗೆ ಬಿಡುತ್ತದೆ. ಗ್ರಾಮೀಣ ಮಲೇರಿಯಾದ ಮುಖ್ಯ ವಾಹಕವಾದ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಸೊಳ್ಳೆ ಬಾವಿಗಳಲ್ಲಿಯೂ ಬೆಳೆಯುವುದರಿಂದ, ರಾಜ್ಯದ ಹಳ್ಳಿಗಳ ಬಾವಿಗಳಲ್ಲಿ ಗಪ್ಪಿಯನ್ನು ಬಳಸಲಾಗಿದೆ.

ಪರಿಸರದ ಮೇಲೆ ಪರಿಣಾಮ
ಗಪ್ಪಿ ಭಾರತಕ್ಕೆ ಹೊರಗಿನಿಂದ ಬಂದ ಪ್ರಭೇದ. ಕೊಳಕು ನೀರನ್ನೂ ಸಹಿಸಿ ವೇಗವಾಗಿ ವೃದ್ಧಿಸುವ ಇದು ಕೆರೆ, ಹಳ್ಳ, ನದಿಗಳನ್ನು ಸೇರಿದರೆ ಸ್ಥಳೀಯ ಮೀನುಗಳೊಡನೆ ಆಹಾರಕ್ಕಾಗಿ ಸ್ಪರ್ಧಿಸುತ್ತದೆ. ಅವುಗಳ ಮೊಟ್ಟೆ, ಮರಿಗಳನ್ನೂ ತಿನ್ನಬಲ್ಲದು. ಸೊಳ್ಳೆಯ ಮರಿಹುಳುಗಳನ್ನು ತಿನ್ನುವ ಮೀನುಗಳು ಸ್ಥಳೀಯವಾಗಿಯೂ ಇವೆ. ಹೀಗಾಗಿ ಗಪ್ಪಿಯನ್ನು ಹೊರಹರಿವಿಲ್ಲದ ಬಾವಿ, ತೊಟ್ಟಿಗಳಿಗಷ್ಟೇ ಸೀಮಿತಗೊಳಿಸುವುದು ಮತ್ತು ಸಾಕಿದ ಮೀನುಗಳನ್ನು ಹೊರಗೆ ಬಿಡದಿರುವುದು ಸುರಕ್ಷಿತ.