ವಿದ್ಯಾರ್ಥಿ ಪ್ರಾಜೆಕ್ಟ್‌ಗಳಲ್ಲಿ ಪರೀಕ್ಷಾ ದಾಖಲೆ: ಕಲಬುರಗಿ ಸೀಮೆಯ ಊರ ಹೆಸರುಗಳ ನಿದರ್ಶನ

ಕಲಬುರಗಿಯ ತಾಂತ್ರಿಕ ಶಿಕ್ಷಣಕ್ಕೆ ಆರು ದಶಕ ದಾಟಿದ ಇತಿಹಾಸವಿದೆ. ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜು 1958ರಲ್ಲಿ ಶುರುವಾಯಿತು. ಶರಣಬಸವ ವಿಶ್ವವಿದ್ಯಾಲಯ 2017ರಲ್ಲಿ ಸ್ಥಾಪನೆಯಾಯಿತು. ಇಂಥ ಸಂಸ್ಥೆಗಳ ಕಂಪ್ಯೂಟರ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಯಲ್ಲಿ ಟೆಸ್ಟಿಂಗ್ ಅಧ್ಯಾಯ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆದರೆ ಪ್ರತಿ ಸಾಲಿನ ಕೊನೆಗೂ ‘ಪಾಸ್’ ಎಂದು ಬರೆದ ಮಾತ್ರಕ್ಕೆ ಅದು ದಾಖಲೆಯಾಗದು.

ದೋಷ ಹುಡುಕುವುದೇ ಪರೀಕ್ಷೆಯ ಗುರಿ ಎಂದು ಕಂಪ್ಯೂಟರ್ ವಿಜ್ಞಾನಿ ಗ್ಲೆನ್‌ಫರ್ಡ್ ಮೈಯರ್ಸ್ 1979ರಲ್ಲೇ ವಾದಿಸಿದ್ದರು. 1983ರ ಐಇಇಇ 829 ಮಾನಕವು ಪರೀಕ್ಷಾ ಯೋಜನೆಯಿಂದ ಹಿಡಿದು ದೋಷದ ವರದಿಯವರೆಗೆ ಏನೇನು ಬರೆದಿಡಬೇಕೆಂದು ವಿಧಿಸಿತು. 2013ರಲ್ಲಿ ಆ ಸ್ಥಾನಕ್ಕೆ ಐಎಸ್‌ಒ 29119 ಸರಣಿಯ ಮೂರನೆಯ ಭಾಗ ಬಂತು.

ಕಲಬುರಗಿ, ಕಮಲಾಪುರ, ಚಿಂಚೋಳಿ ತಾಲ್ಲೂಕುಗಳ ಹಳ್ಳಿಗಳನ್ನು ಕನ್ನಡದಲ್ಲೇ ಹುಡುಕಿಕೊಡುವ ತಂತ್ರಾಂಶವೊಂದನ್ನು ವಿದ್ಯಾರ್ಥಿಗಳು ಕಟ್ಟುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಕಲಬುರಗಿಗೆ ಸಮೀಪದ ‘ಶರಣಸಿರಸಗಿ’ಯನ್ನೇ ಮೊದಲ ಪರೀಕ್ಷೆಗೆ ಒಡ್ಡಬಹುದು. ಓದುವ ಕಣ್ಣಿಗೆ ಇದರಲ್ಲಿ 7 ಅಕ್ಷರಗಳಿವೆ. ಎರಡು ಗುಡಿಸುಗಳಿಗೆ ಯೂನಿಕೋಡ್ ಪ್ರತ್ಯೇಕ ಸಂಕೇತ ಕೊಡುವುದರಿಂದ ಪೈಥಾನ್ 9 ಎಂದು ಎಣಿಸುತ್ತದೆ. ಯುಟಿಎಫ್-8ರಲ್ಲಿ ಇದೇ ಹೆಸರು 27 ಬೈಟ್ ಹಿಡಿಯುತ್ತದೆ. ದತ್ತಾಂಶದ ಅಂಕಣಕ್ಕೆ 20 ಬೈಟ್‌ಗಳ ಮಿತಿ ಇಟ್ಟಿದ್ದರೆ ಊರಿನ ಹೆಸರು ಪೂರ್ತಿ ಉಳಿಯದು. ಕಲಬುರಗಿಗೆ 2014ರವರೆಗೆ ಅಧಿಕೃತವಾಗಿ ಇದ್ದ ‘ಗುಲ್ಬರ್ಗಾ’ ಎಂಬ ಹೆಸರಿನಲ್ಲಿ ಒತ್ತಕ್ಷರಗಳಿವೆ: ಅಕ್ಷರ ಮೂರೇ, ಸಂಕೇತ 9.

‘ಚಿಂಚೋಳಿ’ ಇನ್ನೂ ಸೂಕ್ಷ್ಮವಾದ ಪರೀಕ್ಷೆ. ಅದರ ಓಕಾರವನ್ನು ಒಂದೇ ಸಂಕೇತವಾಗಿಯೂ ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಒಳಗೆ ಒಂದಕ್ಕೆ 7 ಸಂಕೇತ, ಇನ್ನೊಂದಕ್ಕೆ 9. ಎರಡೂ ರೂಪಗಳನ್ನು ಒಂದೇ ಸಂಕೇತಕ್ರಮಕ್ಕೆ ತರುವ ಸಾಮಾನ್ಯೀಕರಣ ಮಾಡದೆ ನೇರವಾಗಿ ಹೋಲಿಸಿದರೆ ಹುಡುಕಾಟ ಬರಿಗೈಯಲ್ಲಿ ಮರಳುತ್ತದೆ.

ಇಂಥ ಸೋಲು ವರದಿಯಲ್ಲಿ ಉಳಿಯಬೇಕು. ಕೊಟ್ಟ ಹೆಸರು ಮತ್ತು ಅದರ ಸಂಕೇತಗಳು, ನಿರೀಕ್ಷಿಸಿದ ಫಲಿತಾಂಶ, ನಿಜವಾಗಿ ಬಂದದ್ದು, ತಂತ್ರಾಂಶದ ಆವೃತ್ತಿ, ದಿನಾಂಕ, ಮಾಡಿದ ತಿದ್ದುಪಡಿ, ಮರುಪರೀಕ್ಷೆಯ ಫಲ: ಇಷ್ಟೂ ಇದ್ದರೆ ಬೇರೆಯವರು ಅದೇ ಪರೀಕ್ಷೆಯನ್ನು ಮತ್ತೆ ಮಾಡಿ ನೋಡಬಲ್ಲರು. ಸೋತ ಸಾಲನ್ನು ಅಳಿಸಿ ‘ಪಾಸ್’ ಎಂದು ತಿದ್ದಿದರೆ, ತಿದ್ದುಪಡಿಗೆ ಕಾರಣವೇನೆಂಬುದೂ ಅದರೊಂದಿಗೆ ಅಳಿಸಿಹೋಗುತ್ತದೆ. ಮುಂದಿನ ವರ್ಷದ ತಂಡ ಅದೇ ದೋಷವನ್ನು ಮೊದಲಿನಿಂದ ಹುಡುಕಬೇಕಾಗುತ್ತದೆ.

ಮೌಲ್ಯಮಾಪಕರ ಹೊಣೆಯೂ ಇಲ್ಲಿ ದೊಡ್ಡದು. ಪ್ರಾಮಾಣಿಕವಾಗಿ ದಾಖಲಿಸಿದ ‘ಫೇಲ್’ಗೆ ಅಂಕ ಕಡಿತವಾಗದೆಂಬ ಭರವಸೆ ವಿದ್ಯಾರ್ಥಿಗಳಿಗೆ ಸಿಗಬೇಕು. ಮಾರ್ಗದರ್ಶಕರು ಪ್ರಾಜೆಕ್ಟ್‌ನ ಮೊದಲ ವಾರದಲ್ಲೇ ಇದನ್ನು ಸ್ಪಷ್ಟವಾಗಿ ಹೇಳಲಿ.