‘ಬಾಜಿಗರ್’ ಚಿತ್ರವೂ ನಮ್ಮ ಚಪ್ಪಾಳೆಯೂ

1993ರ ನವೆಂಬರ್ 12ರಂದು, ದೀಪಾವಳಿಯ ಹೊತ್ತಿಗೆ, ಅಬ್ಬಾಸ್–ಮಸ್ತಾನ್ ಸಹೋದರರು ನಿರ್ದೇಶಿಸಿದ ‘ಬಾಜಿಗರ್’ ಎಂಬ ಹಿಂದಿ ಚಿತ್ರ ಬಿಡುಗಡೆಯಾಯಿತು. ಬಾಜಿಗರ್ ಎಂದರೆ ಪಣವೊಡ್ಡಿ ಆಡುವವನು, ಜೂಜುಗಾರ. ನಾನು ಅದನ್ನು ನೋಡಿದ್ದು ಕೆಲವು ತಿಂಗಳ ತರುವಾಯ, ಹುಬ್ಬಳ್ಳಿಯ ಒಂದು ಚಿತ್ರಮಂದಿರದಲ್ಲಿ, ಇಬ್ಬರು ಸಹೋದ್ಯೋಗಿ ಮಾಸ್ತರರ ಒತ್ತಾಯಕ್ಕೆ ಮಣಿದು. ವರ್ಷಕ್ಕೆ ಒಂದೆರಡು ಚಿತ್ರ ನೋಡಿದರೆ ಹೆಚ್ಚು ಎನ್ನುವ ಜಾತಿಯವನು ನಾನು. ಆದರೂ ಈ ಚಿತ್ರವನ್ನು ನಾನು ಇಂದಿಗೂ ಮರೆತಿಲ್ಲ. ಚಿತ್ರಕ್ಕಿಂತ ಮಿಗಿಲಾಗಿ, ಅಂದು ಅಲ್ಲಿ ಕುಳಿತಿದ್ದ ನಮ್ಮನ್ನು ಮರೆತಿಲ್ಲ.

ಕಥೆಯನ್ನು ಬಲ್ಲವರು ಬಹಳ ಮಂದಿ. ಆದರೂ ಸಂಕ್ಷೇಪವಾಗಿ ಹೇಳುತ್ತೇನೆ. ಅಜಯ್ ಶರ್ಮಾ ಎಂಬ ತರುಣನ ತಂದೆಯ ಉದ್ಯಮವನ್ನು ಮದನ್ ಚೋಪ್ರಾ ಎಂಬ ನೌಕರ ಅಧಿಕಾರಪತ್ರದ ಮೋಸದಿಂದ ಕಬಳಿಸಿದ್ದಾನೆ. ತಂದೆಯೂ ಎಳೆಯ ತಂಗಿಯೂ ತೀರಿಕೊಂಡಿದ್ದಾರೆ, ತಾಯಿಗೆ ಬುದ್ಧಿಭ್ರಮಣೆಯಾಗಿದೆ. ಸೇಡಿಗಾಗಿ ಅಜಯ್ ಚೋಪ್ರಾನ ಹಿರಿಯ ಮಗಳು ಸೀಮಾಳನ್ನು ಗುಟ್ಟಾಗಿ ಪ್ರೀತಿಸುವಂತೆ ನಟಿಸುತ್ತಾನೆ. ಬೇರೊಂದು ಹೆಸರಿನಿಂದ ಕಿರಿಯ ಮಗಳು ಪ್ರಿಯಾಳ ಮನಸ್ಸನ್ನೂ ಗೆಲ್ಲುತ್ತಾನೆ. ಮದುವೆಯ ನೋಂದಣಿಗೆಂದು ಕರೆದೊಯ್ದ ಸೀಮಾಳನ್ನು ಎತ್ತರದ ಕಟ್ಟಡದ ಮೇಲಿಂದ ಕೆಳಕ್ಕೆ ದೂಡಿ, ಅದು ಆತ್ಮಹತ್ಯೆಯೆಂದು ತೋರುವಂತೆ ಮಾಡುತ್ತಾನೆ. ಸುಳಿವು ಹಿಡಿಯಬಹುದಾಗಿದ್ದ ಇನ್ನಿಬ್ಬರು ಎಳೆಯರೂ ಅವನ ಕೈಯಲ್ಲೇ ಸಾಯುತ್ತಾರೆ. ಅಜಯ್ ಆಗಿ ಶಾರುಖ್ ಖಾನ್, ಪ್ರಿಯಾ ಆಗಿ ಕಾಜೋಲ್, ತಾಯಿಯಾಗಿ ರಾಖಿ. ಸೀಮಾ ಆಗಿ ಮೊದಲ ಬಾರಿಗೆ ತೆರೆಯ ಮೇಲೆ ಬಂದವಳು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಶಿಲ್ಪಾ ಶೆಟ್ಟಿ.

ಸೀಮಾ ಕೆಳಗೆ ಬಿದ್ದಾಗ ಚಿತ್ರಮಂದಿರದಲ್ಲಿ ಉಸಿರಿನ ಶಬ್ದವಿರಲಿಲ್ಲ. ನಾಯಕನೇ ಹೀಗೆ ಮಾಡುವನೆಂದು ಯಾರೂ ನಿರೀಕ್ಷಿಸಿರಲಿಲ್ಲ. ನನ್ನ ಪಕ್ಕದ ಮಾಸ್ತರರು ‘ಛೇ’ ಎಂದದ್ದು ಕೇಳಿಸಿತು. ಆದರೆ ಅಂತ್ಯಭಾಗದಲ್ಲಿ ತಾಯಿಯ ದುರವಸ್ಥೆಯ ಪೂರ್ಣ ವೃತ್ತಾಂತವನ್ನು ಪ್ರಿಯಾಳಿಗೆ ತಿಳಿಸಿದ ಮೇಲೆ ಅದೇ ಸಭಿಕರು ಬೇರೆಯವರೇ ಆದರು. ಕೊನೆಯ ಕಾಳಗದಲ್ಲಿ ಅಜಯ್ ನೆತ್ತರು ಸುರಿಸುತ್ತ ಚೋಪ್ರಾನ ಮೇಲೆರಗಿದಾಗ ಸಿಳ್ಳೆಗಳ ಸುರಿಮಳೆ. ತಾಯಿಯ ಮಡಿಲಲ್ಲಿ ಅವನು ಪ್ರಾಣ ಬಿಟ್ಟಾಗ ಹೆಂಗಸರ ಸಾಲಿನಲ್ಲಿ ಸೆರಗುಗಳು ಕಣ್ಣಿಗೆ ಹೋದವು. ಹೊರಗೆ ಬಂದು ಚಹಾ ಕುಡಿಯುವಾಗ ‘ಛೇ’ ಎಂದ ಮಾಸ್ತರರೇ, ‘ಮಗಾ ಅಂದ್ರ ಹಿಂಗಿರಬೇಕ್ರಿ’ ಎಂದರು. ನಾನೂ ತಲೆಯಾಡಿಸಿದೆ. ಸುಳ್ಳೇಕೆ ಹೇಳಲಿ, ನಾನೂ ಚಪ್ಪಾಳೆ ತಟ್ಟಿದ್ದೆ.

ಆ ಸೋಮವಾರ ಒಂಬತ್ತನೆಯ ತರಗತಿಯಲ್ಲಿ ರನ್ನನ ‘ಗದಾಯುದ್ಧ’ದ ಪ್ರಸ್ತಾಪ ಬಂತು. ಭೀಮನ ಪ್ರತಿಜ್ಞೆ, ಸೇಡು ಎಂದು ಹೇಳುತ್ತಿರುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ, ‘ಸರ್, ಬಾಜಿಗರ್‌ದಾಗ ಇದ್ದಂಗ’ ಎಂದ. ತರಗತಿಗೆ ಜೀವ ಬಂತು. ಅರ್ಧದಷ್ಟು ಮಕ್ಕಳು ಚಿತ್ರವನ್ನು ಆಗಲೇ ನೋಡಿದ್ದರು, ಕೆಲವರು ಎರಡೆರಡು ಬಾರಿ. ಸರಿ, ಅವನು ಮಾಡಿದ್ದು ನ್ಯಾಯವೋ ಎಂದು ಕೇಳಿದೆ. ಹುಡುಗರೆಲ್ಲರ ಕೈ ಮೇಲೆದ್ದಿತು; ಹುಡುಗಿಯರಲ್ಲೂ ಹಲವರದು. ಮುಂದಿನ ಸಾಲಿನಲ್ಲಿ ಸದಾ ಮೌನವಾಗಿರುತ್ತಿದ್ದ ಒಬ್ಬ ಹುಡುಗಿ ಮಾತ್ರ ಎದ್ದು ನಿಂತು, ‘ಸರ್, ಆ ಅಕ್ಕ ಏನ್ ತಪ್ಪ ಮಾಡಿದ್ಲು? ಆಕಿ ಸತ್ತಾಗ ಆಕಿ ಅವ್ವ ಅಳಂಗಿಲ್ಲೇನ್ರಿ?’ ಎಂದಳು. ಹುಡುಗರು ನಕ್ಕರು. ನಾನು ‘ಕುಳಿತುಕೋವ್ವ, ಪಾಠಕ್ಕೆ ಬರೋಣ’ ಎಂದೆ. ಬೋಧನೆಯ ಇಷ್ಟು ವರ್ಷಗಳಲ್ಲಿ ನನಗೆ ನಾಚಿಕೆ ತರುವ ಕೆಲವು ವಾಕ್ಯಗಳಲ್ಲಿ ಅದೂ ಒಂದು.

ಈ ಸೇಡಿನ ಕಥೆಗೆ ಒಂದು ಪೂರ್ವೇತಿಹಾಸವಿದೆ. 1975ರ ‘ಶೋಲೆ’ಯನ್ನು ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದರು. ಅದರ ಮೂಲ ಅಂತ್ಯದಲ್ಲಿ ಕೈಗಳಿಲ್ಲದ ಠಾಕೂರ್ ಮೊಳೆ ಬಡಿದ ಪಾದರಕ್ಷೆಗಳಿಂದ ಗಬ್ಬರ್‌ಸಿಂಗನನ್ನು ತುಳಿದು ಕೊಲ್ಲುತ್ತಾನೆ. ಅದು ತುರ್ತುಪರಿಸ್ಥಿತಿಯ ಕಾಲ. ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬ ಕಾನೂನನ್ನು ಕೈಗೆತ್ತಿಕೊಳ್ಳುವುದನ್ನು ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಕಡೆಯ ಗಳಿಗೆಯಲ್ಲಿ ಪೊಲೀಸರು ಬಂದು ತಡೆಯುವಂತೆ ಅಂತ್ಯವನ್ನು ಬದಲಿಸಬೇಕಾಯಿತು. ಮೂಲ ಅಂತ್ಯವುಳ್ಳ ಪ್ರತಿಯನ್ನು ಜೀರ್ಣೋದ್ಧಾರ ಮಾಡಿ ಇಟಲಿಯ ಬೊಲೋನ್ಯಾದಲ್ಲಿ ತೋರಿಸಿದ್ದು 2025ರಲ್ಲಿ, ಅರ್ಧ ಶತಮಾನದ ಬಳಿಕ. ಅಂದು ಒಬ್ಬ ಡಕಾಯಿತನನ್ನು, ಅದೂ ತನ್ನ ಮನೆಯವರನ್ನು ಕೊಂದವನನ್ನು, ಕೊಲ್ಲಲು ಠಾಕೂರನಿಗೆ ಅನುಮತಿ ಇರಲಿಲ್ಲ. ಹದಿನೆಂಟು ವರ್ಷ ಕಳೆಯುವಷ್ಟರಲ್ಲಿ, ಅಪರಾಧಿಯನ್ನಲ್ಲ, ಅಪರಾಧಿಯ ಮಗಳನ್ನು ಕೊಂದವನಿಗೆ ನಾವು ಕಣ್ಣೀರಿನ ತರ್ಪಣ ಕೊಟ್ಟೆವು. ಅಜಯ್ ಕಡೆಗೆ ಸಾಯುತ್ತಾನೆ, ನಿಜ. ಆದರೆ ಆ ಸಾವನ್ನು ನಮ್ಮಲ್ಲಿ ಯಾರೂ ಶಿಕ್ಷೆಯೆಂದು ನೋಡಲಿಲ್ಲ, ತ್ಯಾಗವೆಂದೇ ನೋಡಿದೆವು.

ಇದು ಹೇಗಾಯಿತು? ಉತ್ತರದ ಒಂದು ತುದಿ ಅಮೆರಿಕದಲ್ಲಿದೆ. ಚಿತ್ರಕ್ಕೆ ಪ್ರೇರಣೆ ಐರಾ ಲೆವಿನ್ 1953ರಲ್ಲಿ ಬರೆದ ‘ಎ ಕಿಸ್ ಬಿಫೋರ್ ಡೈಯಿಂಗ್’ ಕಾದಂಬರಿ. ಅಲ್ಲಿ ಅದು 1956ರಲ್ಲೊಮ್ಮೆ, 1991ರಲ್ಲೊಮ್ಮೆ ಚಿತ್ರವಾಗಿತ್ತು. ನಿವೃತ್ತಿಯ ನಂತರ ಅದನ್ನು ತರಿಸಿ ಓದಿದೆ. ಕಟ್ಟಡದ ಮೇಲಿಂದ ದೂಡುವ ಪ್ರಸಂಗ ಅಲ್ಲಿಯೂ ಇದೆ. ಆದರೆ ಅಲ್ಲಿನ ತರುಣ ಕೊಲ್ಲುವುದು ತಾಮ್ರದ ಉದ್ಯಮಿಯೊಬ್ಬನ ಆಸ್ತಿಗಾಗಿ. ಅವನಿಗೆ ಯಾವ ಅನ್ಯಾಯವೂ ಆಗಿಲ್ಲ, ಬರಿಯ ಹಣದಾಸೆ. ಮುಂಬಯಿಯವರು ಕೊಲೆಗಳನ್ನು ಉಳಿಸಿಕೊಂಡು ಕಾರಣವನ್ನು ಬದಲಿಸಿದರು. ಆಸೆಯ ಜಾಗಕ್ಕೆ ತಾಯಿಯನ್ನು ತಂದು ಕೂರಿಸಿದರು. ನಮ್ಮ ದೇಶದಲ್ಲಿ ತಾಯಿಯ ಕಣ್ಣೀರಿನ ಎದುರು ವಾದ ಹೂಡುವ ಎದೆ ಯಾರಿಗಿದೆ? ಇನ್ನೊಂದು ಸಂಗತಿಯೂ ನನ್ನ ಗಮನಕ್ಕೆ ಬಂತು. ಆ ಕಾದಂಬರಿಯಲ್ಲಿ ಮೂರು ಭಾಗಗಳಿವೆ, ಮೂರಕ್ಕೂ ಮೂವರು ಅಕ್ಕತಂಗಿಯರ ಹೆಸರು. ನಮ್ಮ ಚಿತ್ರದಲ್ಲಿ ಅಕ್ಕತಂಗಿಯರು ಇಬ್ಬರಾದರು, ಹೆಸರು ಮಾತ್ರ ಗಂಡಸಿನದಾಯಿತು. ಕೊಲೆ ಮೊದಲು, ಕಾರಣ ಆಮೇಲೆ ಎಂಬ ಕಥನಕ್ರಮವೂ ಅವನಿಗೇ ಒದಗಿಬಂತು. ಕಾರಣ ತಿಳಿಯುವ ಹೊತ್ತಿಗೆ ಸೀಮಾ ನಮ್ಮ ನೆನಪಿನಿಂದ ಬಹುದೂರ ಹೋಗಿರುತ್ತಾಳೆ.

ಅಂದಿನ ಪ್ರೇಕ್ಷಕರ ಒಲವು ಈ ಒಂದೇ ಚಿತ್ರಕ್ಕೆ ಸೀಮಿತವಾಗಿರಲಿಲ್ಲ. ಅದೇ ಡಿಸೆಂಬರಿನಲ್ಲಿ ಬಂದ ಯಶ್ ಚೋಪ್ರಾ ಅವರ ‘ಡರ್’ ಚಿತ್ರದಲ್ಲಿ ಹುಡುಗಿಯೊಬ್ಬಳ ಬೆನ್ನು ಹತ್ತಿ ಪೀಡಿಸುವ ಪಾತ್ರವೂ ಶಾರುಖ್ ಅವರದೇ. ಕಥೆಯ ಪ್ರಕಾರ ನಾಯಕ ಸನ್ನಿ ದೇವಲ್. ಜನ ಮೆಚ್ಚಿದ್ದು ಪೀಡಕನನ್ನು. 1994ರ ‘ಅಂಜಾಮ್’ನ ಪಾತ್ರಕ್ಕೆ ಫಿಲ್ಮ್‌ಫೇರ್ ಪತ್ರಿಕೆಯವರು ಖಳಪಾತ್ರದ ಪ್ರಶಸ್ತಿ ಕೊಟ್ಟರು. ‘ಬಾಜಿಗರ್’ನಲ್ಲಿ ಮೂವರು ನಿರಪರಾಧಿಗಳನ್ನು ಕೊಂದ ಪಾತ್ರಕ್ಕೆ ಅವರೇ ಕೊಟ್ಟದ್ದು ಶ್ರೇಷ್ಠ ನಾಯಕನಟ ಪ್ರಶಸ್ತಿ. ನಟನ ಪ್ರತಿಭೆಯ ವಿಷಯದಲ್ಲಿ ನನ್ನ ತಕರಾರಿಲ್ಲ. ಆ ಕಣ್ಣುಗಳಲ್ಲಿ ಕ್ರೌರ್ಯವೂ ಮುಗ್ಧತೆಯೂ ಕ್ಷಣಕ್ಕೊಮ್ಮೆ ಬದಲಾಗುತ್ತಿದ್ದ ರೀತಿ ಅಸಾಮಾನ್ಯವಾದುದೇ.

ಕಥೆ 1995ರಲ್ಲಿ ‘ವೇಟಗಾಡು’ ಆಗಿ ತೆಲುಗಿಗೆ, 1997ರಲ್ಲಿ ‘ಸಾಮ್ರಾಟ್’ ಆಗಿ ತಮಿಳಿಗೆ ಹೋಯಿತು. 2002ರಲ್ಲಿ ಉಪೇಂದ್ರ ಮತ್ತು ಜ್ಯೋತಿಕಾ ನಟನೆಯಲ್ಲಿ ಕನ್ನಡಕ್ಕೆ ಬಂದಾಗ ಅದಕ್ಕಿಟ್ಟ ಹೆಸರು ‘ನಾಗರಹಾವು’. ತ.ರಾ.ಸು. ಅವರ ಕಾದಂಬರಿಗಳನ್ನಾಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆಗೆದ ಚಿತ್ರದ ಹೆಸರು ಅದು. ಆ ರಾಮಾಚಾರಿಯ ರೋಷಕ್ಕೂ ಈ ಸೇಡಿಗೂ ಎಲ್ಲಿಯ ಸಂಬಂಧವೋ ನಾನರಿಯೆ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಬಹುಕಾಲದ ಮೇಲೆ ಮಹಾಭಾರತಕ್ಕೇ ಮರಳಿದೆ. ಭೀಮನ ಉದಾಹರಣೆಯೇ ತಪ್ಪಾಗಿತ್ತು. ಅಜಯ್‌ಗೆ ಸರಿಹೋಲುವವನು ಅಶ್ವತ್ಥಾಮ. ಅವನ ತಂದೆಯನ್ನೂ ಮೋಸದಿಂದಲೇ ಕೊಂದರು. ಅವನೂ ತಂದೆಗಾಗಿ ಸೇಡು ತೀರಿಸಿಕೊಂಡ, ನಡುರಾತ್ರಿ ಶಿಬಿರ ಹೊಕ್ಕು, ನಿದ್ರಿಸುತ್ತಿದ್ದ ದ್ರೌಪದಿಯ ಐವರು ಮಕ್ಕಳನ್ನು ಕೊಂದು. ನೊಂದ ಮಗನೆಂಬ ಕಾರಣ ಅವನಿಗೂ ಇತ್ತು. ಆದರೂ ಅವನ ಹಣೆಯ ಮಣಿಯನ್ನು ಕಿತ್ತು ಕಳುಹಿಸಿದರು. ಕಥೆ ಹೇಳಿದವರು, ಕೇಳಿದವರು ಯಾರೂ ಅವನಿಗೆ ಚಪ್ಪಾಳೆ ತಟ್ಟಿದ್ದನ್ನು ನಾನು ಕೇಳಿಲ್ಲ. ಭಾಗವತದ ಪ್ರಥಮ ಸ್ಕಂಧದಲ್ಲಿ ಅರ್ಜುನ ಅವನನ್ನು ಹಗ್ಗದಿಂದ ಬಿಗಿದು ತಂದು ದ್ರೌಪದಿಯ ಮುಂದೆ ನಿಲ್ಲಿಸುತ್ತಾನೆ. ಮಕ್ಕಳನ್ನು ಕಳೆದುಕೊಂಡ ಆ ತಾಯಿ, ಇವನನ್ನು ಬಿಟ್ಟುಬಿಡಿ, ನಾನು ಅಳುತ್ತಿರುವಂತೆ ಇವನ ತಾಯಿಯೂ ಅಳುವುದು ಬೇಡ ಎನ್ನುತ್ತಾಳೆ. ‘ಆಕಿ ಅವ್ವ ಅಳಂಗಿಲ್ಲೇನ್ರಿ’ ಎಂದು ಹದಿನಾಲ್ಕರ ಹುಡುಗಿ ಕೇಳಿದ್ದೂ ಅದನ್ನೇ. ಅವಳು ಭಾಗವತ ಓದಿರಲಿಲ್ಲ. ಓದಿದ್ದ ನಾನು ಅವಳನ್ನು ಕುಳ್ಳಿರಿಸಿದ್ದೆ.

ಕೆಲವು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಆಕೆ ಸಿಕ್ಕಳು. ಈಗ ಅವಳಿಗೂ ಮಕ್ಕಳಿದ್ದಾರೆ. ಕಾಲಿಗೆರಗಿ, ‘ಆರಾಮದೀರೇನ್ರಿ ಸರ್?’ ಎಂದಳು. ಆ ಸೋಮವಾರದ ಮಾತು ನೆನಪಿದೆಯೇ ಎಂದು ಕೇಳಿದೆ. ‘ಇಲ್ರಿ ಸರ್’ ಎಂದು ನಕ್ಕು, ಊಟದ ಪಂಕ್ತಿಗೆ ಹೊತ್ತಾಯಿತೆಂದು ನನ್ನ ಕೈ ಹಿಡಿದು ಕರೆದುಕೊಂಡು ಹೋದಳು.