ಮಣ್ಣೆತ್ತು ಮತ್ತು ಒಂದನೇ ತರಗತಿ

ನಲಿ-ಕಲಿಯ ಚರಿತ್ರೆ ಹೇಳುವವರು ಮೈಸೂರು ಸೀಮೆಯ ಹೆಗ್ಗಡದೇವನಕೋಟೆಯಿಂದ ಶುರುಮಾಡುತ್ತಾರೆ. ಸರಿಯೇ. 1995ರಲ್ಲಿ ಅಲ್ಲಿಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ ಪಠ್ಯವನ್ನು ಬಿಡಿಸಿ ಕಾರ್ಡುಗಳನ್ನಾಗಿ ಮಾಡಿದರು. ಹಾಡು, ಕತೆ, ಚಿತ್ರ, ಎಣಿಕೆ ಎಲ್ಲ ಒಂದೇ ಏಣಿಯ ಮೆಟ್ಟಿಲುಗಳಾದವು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆಲ್ಲ ಬಂತು. ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಗೂ.

ಆದರೆ ಒಂದು ವಸ್ತುವನ್ನು ನಡುವಿಗಿಟ್ಟು, ಅದರ ಸುತ್ತ ಕೈ, ಕಣ್ಣು, ಬಾಯಿಗೆ ಒಟ್ಟಿಗೇ ಕೆಲಸ ಕೊಡುವ ಜಾಣತನ ಈ ಸೀಮೆಗೆ ಹೊಸದೆಂದು ನನಗೆ ಅನಿಸುವುದಿಲ್ಲ. ಜೂನ್‌ನಲ್ಲಿ ಶಾಲೆ ತೆರೆದು ಹೊಸ ಮಕ್ಕಳ ಅಳು ನಿಲ್ಲುವ ಹೊತ್ತಿಗೆ ಮಣ್ಣೆತ್ತಿನ ಅಮವಾಸಿ ಬರುತ್ತದೆ. ಎರಿಮಣ್ಣು ನಾದಿ ಎತ್ತು ಮಾಡಬೇಕು. ಮಣ್ಣು ಒಣಗಿದರೆ ಕೋಡು ಮುರಿಯುತ್ತದೆ, ನೀರು ಹೆಚ್ಚಾದರೆ ಕಾಲು ಕುಸಿಯುತ್ತದೆ. ಜೋಡೆತ್ತಾದ್ದರಿಂದ ಎರಡೂ ಒಂದೇ ಅಳತೆಯಿರಬೇಕು. ಅದರ ಬೆನ್ನಿಗೆ ಕುಂಟೆತ್ತಿನ ಹೆಸರು ಹೇಳಿ ಮನೆಮನೆಗೆ ಹೋಗಿ ಜೋಳ ಕೇಳುವ ಹುಡುಗರ ಹಾಡಿನಲ್ಲಿ ಎತ್ತುಗಳ ಎಣಿಕೆಯೂ ಇದೆ, ನಟನೆಯೂ ಇದೆ. ಆಮೇಲೆ ಗುಳ್ಳವ್ವ, ನಾಗಪ್ಪ, ಗಣಪ, ಜೋಕುಮಾರ. ಮಳೆಗಾಲವಿಡೀ ಮಣ್ಣಿನ ಪಾಠ.

ಶಾಲೆ ಮಾತ್ರ ಇದನ್ನು ಹೊರಗಿಟ್ಟಿತ್ತು. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ಸೀಮೆ. ದಫ್ತರದ ಭಾಷೆ ಉರ್ದು, ಮೇಲಿನ ಓದೂ ಉರ್ದುವಿನಲ್ಲಿ. ಮನೆಯ ಮಾತು ಬೇರೆ, ಹುದ್ದೆ ಕೊಡುವ ಮಾತು ಬೇರೆ. ನಾವು ಕಲಿಯುವಾಗ ಪಾಠ ಕನ್ನಡಕ್ಕೆ ಬಂದಿತ್ತು, ಮಣ್ಣಿನ್ನೂ ಒಳಗೆ ಬಂದಿರಲಿಲ್ಲ. ಕೈ ಕೆಸರಾಗಿದ್ದರೆ ತೊಳೆದು ಬಾ ಎನ್ನುವುದೇ ಶಾಲೆಯ ಮೊದಲ ಮಾತು. ಆಮೇಲೆ ಪಾಟಿ, ಕಾಪಿ, ಮಗ್ಗಿ.

1994ರ ಹೊತ್ತಿಗೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಕರ್ನಾಟಕದಲ್ಲಿ ಮೊದಲು ಹಿಡಿದುಕೊಂಡ ನಾಲ್ಕು ಜಿಲ್ಲೆಗಳು ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ನಾವಾಗ ರಾಯಚೂರಿನವರು; ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಹಿಂದುಳಿದವರೆಂಬ ಹಣೆಪಟ್ಟಿಯಿಂದ ನಮಗೆ ಸಿಕ್ಕ ಸರದಿ ಅದು, ಸಿಕ್ಕಿದ್ದು ಒಳ್ಳೆಯದೇ ಆಯಿತು.

ನಲಿ-ಕಲಿಯ ಕೋಣೆಗಳನ್ನು ನಾನು ಸಂತೋಷದಿಂದ ನೋಡಿದ್ದೇನೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕರಿಹಲಗೆ, ತಲೆಯ ಮೇಲೆ ಅವರದೇ ಚಿತ್ರಗಳ ಚಪ್ಪರ. ಕಾರ್ಡು ಮಾತ್ರ ಇಡೀ ರಾಜ್ಯಕ್ಕೆ ಒಂದೇ ಅಚ್ಚಿನದು. ಗೊಂಬೆಯ ಚಿತ್ರ ತೋರಿಸಿ ಹಾಡು ಹೇಳಿಸಬಹುದು. ಆದರೆ ಕೊಪ್ಪಳದ ಮಗುವಿಗೆ ಕಿನ್ನಾಳ ಎಷ್ಟು ದೂರ? ಅಲ್ಲಿ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ತುಂಡು ಜೋಡಿಸಿ, ಬಿಳಿ ಲೇಪ ಕೊಟ್ಟು ಬಣ್ಣ ಹಚ್ಚುತ್ತಾರೆ. ಬೀಜ ಅಂಟಾಗುವುದು ವಿಜ್ಞಾನ, ಜೋಡಿಸುವುದು ಗಣಿತ, ಗೊಂಬೆ ಯಾರದೆಂದು ಹೇಳುವುದು ಕತೆ. ಚಿತ್ರಗಾರರ ಮನೆಯ ಮಗು ಒಂದನೇ ತರಗತಿಗೆ ಬರುವಾಗ ಇಷ್ಟನ್ನೂ ಕಂಡು ಬಂದಿರುತ್ತದೆ. ಅಕ್ಷರ ಬಾರದೆಂದು ಅದನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸುತ್ತೇವೆ. ಅದು ತಂದ ವಿದ್ಯೆಗೆ ಏಣಿಯಲ್ಲಿ ಮೆಟ್ಟಿಲಿಲ್ಲ.

ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು, ತೊಂಬತ್ತಾರರ ವಯಸ್ಸಿನಲ್ಲಿ. ದಿಲ್ಲಿಗೆ ಕಂಡ ಈ ವಿದ್ಯೆಯನ್ನು ಊರ ಶಾಲೆಯ ವೇಳಾಪಟ್ಟಿಯಲ್ಲಿ ಕಾಣಿಸಲು ಒಂದು ಪರದೆ, ಒಂದು ದೀಪ, ಒಂದು ಮಧ್ಯಾಹ್ನ ಸಾಕು. ಮಣ್ಣೆತ್ತಿಗಂತೂ ಅಷ್ಟೂ ಬೇಡ. ಕೆರೆಯಿಂದ ಎರಡು ಬುಟ್ಟಿ ಎರಿಮಣ್ಣು ತರಿಸಿದರಾಯಿತು.